ಒಂದೇ ಕಣಕ್ಕೆ ಎರಡು ಬೆಲೆ: ಪ್ರಾಚೀನ ಯೆಹೂದಿಗಳು ತಮ್ಮ ಚರಿತ್ರೆಯನ್ನು ಮತ್ತೆ ಮತ್ತೆ ಬರೆದದ್ದೇಕೆ?

ಯೆರೂಸಲೇಮಿನ ಆ ಬೆಟ್ಟದ ಹೆಸರು ಆಗಾಗ ಸುದ್ದಿಯಲ್ಲಿ ಬರುತ್ತಲೇ ಇರುತ್ತದೆ. ಯೆಹೂದಿಗಳಿಗೆ ಅದು ದೇವಾಲಯದ ಬೆಟ್ಟ, ಮುಸ್ಲಿಮರಿಗೆ ಹರಮ್ ಅಲ್ ಷರೀಫ್. ಚಿನ್ನದ ಗುಮ್ಮಟದ ಕಟ್ಟಡ ನಿಂತಿರುವುದು ಅಲ್ಲೇ. ಈ ಜಾಗಕ್ಕೆ ಇಷ್ಟು ಮಹತ್ವ ಬಂದದ್ದು ಎಲ್ಲಿಂದ ಎಂದು ಹೀಬ್ರೂ ಬೈಬಲಿನಲ್ಲಿ ಹುಡುಕುತ್ತ ಹೋದರೆ ಕೊನೆಗೆ ಒಂದು ಕಣದ ಮುಂದೆ ಬಂದು ನಿಲ್ಲುತ್ತೇವೆ. ಗೋಧಿ ತುಳಿಸುವ, ತೂರುವ ಸಾಮಾನ್ಯ ಕಣ ಅದು.

ಕಥೆ ಹೀಗಿದೆ. ರಾಜ ದಾವೀದ ಜನಗಣತಿ ಮಾಡಿಸುತ್ತಾನೆ. ಅದು ತಪ್ಪಾಗುತ್ತದೆ, ನಾಡಿಗೆ ಮಾರಿಬೇನೆ ಬಡಿದು 70,000 ಮಂದಿ ಸಾಯುತ್ತಾರೆ. ಯೆರೂಸಲೇಮಿನ ಮೇಲೆ ಕೈಯೆತ್ತಿದ ದೇವದೂತ ಆ ಕಣದ ಬಳಿ ಬಂದು ನಿಲ್ಲುತ್ತಾನೆ. ದಾವೀದ ಕಣವನ್ನು ಅದರ ಒಡೆಯನಿಂದ ಕೊಂಡು, ಬಲಿಪೀಠ ಕಟ್ಟಿ, ಬಲಿ ಕೊಟ್ಟ ಮೇಲೆ ಬೇನೆ ನಿಲ್ಲುತ್ತದೆ.

ಈ ಕಥೆ ಬೈಬಲಿನಲ್ಲಿ ಎರಡು ಸಲ ಬರುತ್ತದೆ. ಸಮುವೇಲನ ಎರಡನೆಯ ಪುಸ್ತಕದ ಪ್ರಕಾರ ದಾವೀದ ಕಣಕ್ಕೂ ಎತ್ತುಗಳಿಗೂ ಸೇರಿಸಿ ಕೊಟ್ಟದ್ದು 50 ಶೆಕೆಲ್ ಬೆಳ್ಳಿ. ಕನ್ನಡದಲ್ಲಿ ‘ಪೂರ್ವಕಾಲವೃತ್ತಾಂತ’ ಎಂದು ಹೆಸರಾದ ಪುಸ್ತಕದ ಪ್ರಕಾರ ಆ ಜಾಗಕ್ಕೆ ಕೊಟ್ಟದ್ದು 600 ಶೆಕೆಲ್ ಚಿನ್ನ. ಶೆಕೆಲ್ ಎಂದರೆ ಸುಮಾರು 11 ಗ್ರಾಂ ತೂಕ. ಅಂದರೆ ಒಂದು ಕಡೆ ಅರ್ಧ ಕಿಲೋಗಿಂತ ತುಸು ಹೆಚ್ಚು ಬೆಳ್ಳಿ, ಇನ್ನೊಂದು ಕಡೆ ಆರೂವರೆ ಕಿಲೋಗೂ ಮಿಕ್ಕಿದ ಚಿನ್ನ.

ಬೆಲೆಯದ್ದು ಚಿಕ್ಕ ವ್ಯತ್ಯಾಸ. ಜನರನ್ನು ಎಣಿಸುವಂತೆ ದಾವೀದನನ್ನು ಪ್ರೇರೇಪಿಸಿದವರು ಯಾರು ಎಂಬಲ್ಲಿ ಎರಡು ಪುಸ್ತಕಗಳೂ ದಿಕ್ಕನ್ನೇ ಬದಲಿಸುತ್ತವೆ. ಮೊದಲನೆಯದು ಹೇಳುತ್ತದೆ: ಇಸ್ರಾಯೇಲಿನ ಮೇಲೆ ಸಿಟ್ಟಾಗಿದ್ದ ದೇವರು, ಅಂದರೆ ಯೆಹೋವ. ಎರಡನೆಯದು ಹೇಳುತ್ತದೆ: ಸೈತಾನ.

ಮೊದಲ ಸಲ ಓದುವವರು ಇಲ್ಲಿ ಗಕ್ಕನೆ ನಿಲ್ಲುತ್ತಾರೆ. ನಕಲು ಮಾಡಿದವನ ಕೈತಪ್ಪು ಇಷ್ಟು ದೊಡ್ಡದಿರಲಾರದು. ಇಬ್ಬರು ಬರಹಗಾರರ ನಡುವೆ ಏನು ನಡೆಯಿತು ಎಂಬುದನ್ನು ತಿಳಿದರೆ ಪ್ರಾಚೀನ ಯೆಹೂದಿ ಬರವಣಿಗೆಯ ದೊಡ್ಡದೊಂದು ಗುಟ್ಟೇ ತಿಳಿಯುತ್ತದೆ.

ಸ್ವಲ್ಪ ಹಿನ್ನೆಲೆ

ಹೀಬ್ರೂ ಬೈಬಲ್ ಎಂದರೆ ಯೆಹೂದಿಗಳ ಪವಿತ್ರ ಗ್ರಂಥಗಳ ಗುಚ್ಛ. ಕ್ರೈಸ್ತರು ಹಳೆಯ ಒಡಂಬಡಿಕೆ ಎನ್ನುವುದು ಬಹುಮಟ್ಟಿಗೆ ಇದನ್ನೇ. ಇದು ಒಬ್ಬರು ಒಮ್ಮೆ ಕೂತು ಬರೆದದ್ದಲ್ಲ. ನೂರಾರು ವರ್ಷಗಳಲ್ಲಿ ಬೇರೆಬೇರೆ ಕೈಗಳಲ್ಲಿ ಬೆಳೆದದ್ದು.

ಅದು ಹೇಳುವ ಚರಿತ್ರೆಯ ಎಲುಬು ಇಷ್ಟು. ಕ್ರಿ.ಪೂ. 1000ದ ಆಸುಪಾಸಿನಲ್ಲಿ ದಾವೀದ, ಅವನ ನಂತರ ದೇವಾಲಯ ಕಟ್ಟಿಸಿದ ಮಗ ಸೊಲೊಮೋನ. ಆಮೇಲೆ ರಾಜ್ಯ ಎರಡಾಗುತ್ತದೆ: ಉತ್ತರಕ್ಕೆ ಇಸ್ರಾಯೇಲ್, ದಕ್ಷಿಣಕ್ಕೆ ಯೆರೂಸಲೇಮ್ ರಾಜಧಾನಿಯಾದ ಯೆಹೂದ. ಕ್ರಿ.ಪೂ. 722ರ ಹೊತ್ತಿಗೆ ಉತ್ತರದ ರಾಜ್ಯವನ್ನು ಅಶ್ಶೂರದವರು, ಅಂದರೆ ಅಸ್ಸೀರಿಯನ್ನರು, ನುಂಗಿದರು. ಕ್ರಿ.ಪೂ. 586ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಸೈನ್ಯ ಯೆರೂಸಲೇಮನ್ನು ಸುಟ್ಟು, ದೇವಾಲಯ ಕೆಡವಿ, ಜನರ ಮುಂದಾಳುಗಳನ್ನು ಸೆರೆ ಒಯ್ಯಿತು. ಇದೇ ‘ಬಾಬೆಲಿನ ಸೆರೆ’. ಕ್ರಿ.ಪೂ. 539ರಲ್ಲಿ ಪರ್ಷಿಯಾದ ದೊರೆ ಕೋರೆಷ ಬಾಬೆಲನ್ನು ಗೆದ್ದ. ಸೆರೆಯಾಳುಗಳಿಗೆ ಊರಿಗೆ ಮರಳುವ ದಾರಿ ತೆರೆಯಿತು. ಕ್ರಿ.ಪೂ. 515ರಲ್ಲಿ ಎರಡನೆಯ ದೇವಾಲಯ ಎದ್ದಿತು.

586ನ್ನು ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಆ ಗಾಯದ ಸುತ್ತ ಸುತ್ತುತ್ತದೆ.

ಮೊದಲ ಪ್ರಶ್ನೆ: ನಮಗೆ ಹೀಗೇಕಾಯಿತು?

ಆ ಕಾಲದಲ್ಲಿ ಒಂದು ರಾಜ್ಯ ಸೋತರೆ ಅದರ ದೇವರೂ ಸೋತ ಎಂದೇ ಲೆಕ್ಕ. ಗುಡಿ ಸುಟ್ಟುಹೋಗಿದೆ, ರಾಜ ಸೆರೆಯಲ್ಲಿದ್ದಾನೆ. ಹಾಗಾದರೆ ಬಾಬೆಲಿನ ದೇವರು ಮರ್ದೂಕನೇ ದೊಡ್ಡವನಲ್ಲವೇ? ಈ ಪ್ರಶ್ನೆಗೆ ಸಮುವೇಲ ಮತ್ತು ಅರಸುಗಳು ಎಂಬ ಪುಸ್ತಕಗಳನ್ನು ಅಂತಿಮ ರೂಪಕ್ಕೆ ತಂದವರು ಕೊಟ್ಟ ಉತ್ತರ ಎದೆಗಾರಿಕೆಯದು. ನಮ್ಮ ದೇವರು ಸೋಲಲಿಲ್ಲ. ಬಾಬೆಲಿನವರನ್ನು ಕಳಿಸಿದವನೇ ಅವನು. ಒಡಂಬಡಿಕೆ ಮುರಿದವರು ನಾವು.

ಈ ಉತ್ತರವೇ ಅವರ ಅಳತೆಗೋಲು. ಪ್ರತಿ ರಾಜನನ್ನೂ ಒಂದೇ ಮಾತು ಕೇಳುತ್ತಾರೆ: ಯೆಹೋವನನ್ನು ಮಾತ್ರ ಪೂಜಿಸಿದನೇ, ಇಲ್ಲವೇ? ಗೆದ್ದ ಯುದ್ಧ, ಕಟ್ಟಿಸಿದ ಊರು, ತುಂಬಿಸಿದ ಬೊಕ್ಕಸ ಯಾವುದೂ ತಕ್ಕಡಿಗೆ ಬರುವುದಿಲ್ಲ.

ಉತ್ತರದ ರಾಜ ಒಮ್ರಿಯನ್ನು ನೋಡಿ. ಸಮಾರ್ಯ ನಗರವನ್ನು ಕಟ್ಟಿ ರಾಜಧಾನಿ ಮಾಡಿದವನು. ಅವನು ಸತ್ತು ಎಷ್ಟೋ ಕಾಲವಾದ ಮೇಲೂ ಅಶ್ಶೂರದ ಶಾಸನಗಳು ಆ ರಾಜ್ಯವನ್ನು ‘ಒಮ್ರಿಯ ಮನೆ’ ಎಂದೇ ಕರೆಯುತ್ತಿದ್ದವು. ಪಕ್ಕದ ಮೋವಾಬಿನ ಅರಸ ಮೇಷ ಕಲ್ಲಿನಲ್ಲಿ ಕೆತ್ತಿಸಿದ್ದರಲ್ಲೂ ಒಮ್ರಿಯ ದಬ್ಬಾಳಿಕೆಯ ನೆನಪಿದೆ. ಅರಸುಗಳ ಪುಸ್ತಕದಲ್ಲಿ ಇವನ ಆಳ್ವಿಕೆಗೆ ಸಿಕ್ಕಿದ್ದು ಆರೇ ವಚನ. ಕೆಟ್ಟದ್ದು ಮಾಡಿದ, ಸತ್ತ, ಉಳಿದದ್ದು ಬೇಕಿದ್ದರೆ ಇಸ್ರಾಯೇಲಿನ ರಾಜರ ವೃತ್ತಾಂತದ ಗ್ರಂಥದಲ್ಲಿದೆ. ಅಷ್ಟೇ. ಅವನ ಮಗ ಅಹಾಬ ಕ್ರಿ.ಪೂ. 853ರಲ್ಲಿ ಕರ್ಕರ್ ಎಂಬಲ್ಲಿ ಅಶ್ಶೂರದ ದೊರೆಯ ಎದುರು 2,000 ರಥ, 10,000 ಕಾಲಾಳುಗಳೊಂದಿಗೆ ನಿಂತಿದ್ದ ಎಂದು ಆ ದೊರೆಯ ಶಾಸನವೇ ಹೇಳುತ್ತದೆ. ಬೈಬಲಿನಲ್ಲಿ ಆ ಯುದ್ಧದ ಸುಳಿವೂ ಇಲ್ಲ.

‘ಉಳಿದದ್ದು ಆ ಗ್ರಂಥದಲ್ಲಿದೆ’ ಎಂಬ ಮಾತು ಈ ಪುಸ್ತಕದಲ್ಲಿ ಮತ್ತೆಮತ್ತೆ ಬರುತ್ತದೆ. ಆ ಗ್ರಂಥ ಇಂದು ಉಳಿದಿಲ್ಲ. ಆದರೂ ಆ ಮಾತಿನಿಂದ ಒಂದು ವಿಷಯ ಸ್ಪಷ್ಟ: ತಾನು ಆರಿಸಿ ಬರೆಯುತ್ತಿದ್ದೇನೆ ಎಂಬುದನ್ನು ಬರೆದವನು ಮುಚ್ಚಿಡಲಿಲ್ಲ.

ಎರಡನೆಯ ಪ್ರಶ್ನೆ: ಇನ್ನು ಮುಂದೆ ಹೇಗೆ?

ಪೂರ್ವಕಾಲವೃತ್ತಾಂತ ಬರೆದವನ ಕಾಲ ಬೇರೆ. ಬಹುತೇಕ ವಿದ್ವಾಂಸರ ಲೆಕ್ಕದಲ್ಲಿ ಅದು ಕ್ರಿ.ಪೂ. ನಾಲ್ಕನೆಯ ಶತಮಾನದ ಸುಮಾರು. ಸೆರೆ ಮುಗಿದು ತಲೆಮಾರುಗಳೇ ಕಳೆದಿದ್ದವು. ದೇವಾಲಯ ಮತ್ತೆ ಎದ್ದಿತ್ತು, ಆದರೆ ರಾಜನಿಲ್ಲ. ಯೆಹೂದ ಪರ್ಷಿಯಾ ಸಾಮ್ರಾಜ್ಯದ ಮೂಲೆಯಲ್ಲಿ ಒಂದು ಚಿಕ್ಕ ಪ್ರಾಂತ. ಸೋತದ್ದೇಕೆ ಎಂದು ಇವನ ಓದುಗರು ಅಷ್ಟಾಗಿ ಕೇಳುತ್ತಿರಲಿಲ್ಲ. ನಾವು ಇನ್ನೂ ಅದೇ ಜನವೇ, ದೇವರ ಮಾತು ನಮಗೆ ಇನ್ನೂ ಅನ್ವಯಿಸುತ್ತದೆಯೇ ಎಂಬುದು ಅವರ ಚಿಂತೆ.

ಅದಕ್ಕೇ ಅವನು ಆದಾಮನಿಂದ ಶುರುಮಾಡಿ ಒಂಬತ್ತು ಅಧ್ಯಾಯ ಬರೀ ವಂಶಾವಳಿ ಬರೆದ. ನಮಗೆ ಓದಲು ಒಣಗಿದ ಹೆಸರುಗಳು. ಮನೆಮಠ ಕಳಕೊಂಡು ಮರಳಿದವರಿಗೆ ಅದು ಊರಿನ ಪಹಣಿ ಇದ್ದ ಹಾಗೆ: ಇಗೋ ನಿನ್ನ ಅಜ್ಜ, ಇಗೋ ನಿನ್ನ ಜಾಗ.

ಅವನ ಮುಂದೆ ಸಮುವೇಲ, ಅರಸುಗಳು ಇದ್ದವು. ಎಷ್ಟೋ ಕಡೆ ಅಕ್ಷರಕ್ಕಕ್ಷರ ಎತ್ತಿಕೊಂಡಿದ್ದಾನೆ. ಹೀಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಕತ್ತರಿ ಆಡಿದೆ, ಎಲ್ಲಿ ಹೊಲಿಗೆ ಬಿದ್ದಿದೆ ಎಂಬುದು ಬರಿಗಣ್ಣಿಗೇ ಕಾಣುತ್ತದೆ. ಅಂಥ ಒಂದು ಹೊಲಿಗೆಯನ್ನು ಹತ್ತಿರದಿಂದ ನೋಡೋಣ.

ಸಮುವೇಲನ ಎರಡನೆಯ ಪುಸ್ತಕದ 11ನೆಯ ಅಧ್ಯಾಯ ಹೀಗೆ ತೆರೆಯುತ್ತದೆ: ಅರಸರು ಯುದ್ಧಕ್ಕೆ ಹೊರಡುವ ಕಾಲ ಬಂತು, ಸೇನಾಪತಿ ಯೋವಾಬ ರಬ್ಬ ಎಂಬ ಊರನ್ನು ಮುತ್ತಿದ, ದಾವೀದ ಮಾತ್ರ ಯೆರೂಸಲೇಮಿನಲ್ಲೇ ಉಳಿದ. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮಾಳಿಗೆಯಿಂದ ಸ್ನಾನಮಾಡುತ್ತಿದ್ದ ಬತ್ಷೆಬೆಯನ್ನು ನೋಡಿದ್ದು, ಕರೆಸಿಕೊಂಡದ್ದು, ಅವಳು ಬಸುರಾದದ್ದು, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮುಂದೆ ನಿಲ್ಲಿಸಿದ್ದು, ಪ್ರವಾದಿ ನಾತಾನ ಬಂದು ‘ಆ ಮನುಷ್ಯ ನೀನೇ’ ಎಂದದ್ದು. ಇದೆಲ್ಲ ಆದ ಮೇಲೆ ದಾವೀದ ರಬ್ಬಕ್ಕೆ ಹೋಗಿ ಅಲ್ಲಿನ ಕಿರೀಟ ತೆಗೆದುಕೊಳ್ಳುತ್ತಾನೆ.

ಪೂರ್ವಕಾಲವೃತ್ತಾಂತದ ಮೊದಲ ಭಾಗದ 20ನೆಯ ಅಧ್ಯಾಯದಲ್ಲೂ ಅದೇ ಆರಂಭ. ಯುದ್ಧದ ಕಾಲ, ಯೋವಾಬನ ಮುತ್ತಿಗೆ, ದಾವೀದ ಯೆರೂಸಲೇಮಿನಲ್ಲೇ ಉಳಿದ. ಮುಂದಿನ ಸಾಲಿನಲ್ಲೇ ದಾವೀದ ರಬ್ಬದಲ್ಲಿ ಕಿರೀಟ ತೆಗೆಯುತ್ತಿದ್ದಾನೆ! ಅವನು ಅಲ್ಲಿಗೆ ಹೋದದ್ದು ಯಾವಾಗ ಎಂಬುದಿಲ್ಲ. ಬರೆದವನು ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಇಟ್ಟುಕೊಂಡು ನಡುವಿನದನ್ನೆಲ್ಲ ಎತ್ತಿಬಿಟ್ಟಿದ್ದಾನೆ.

ಇದು ಮುಚ್ಚಿಡುವ ಪ್ರಯತ್ನವೇ? ನನಗೆ ಹಾಗೆ ಅನಿಸುವುದಿಲ್ಲ. ಹಳೆಯ ಪುಸ್ತಕ ಅವನ ಓದುಗರಿಗೆ ಗೊತ್ತಿತ್ತು ಎಂದು ನಂಬಲು ಕಾರಣಗಳಿವೆ, ಎಷ್ಟೋ ಕಡೆ ಅದು ಗೊತ್ತಿಲ್ಲದಿದ್ದರೆ ಇವನ ಮಾತೇ ಅರ್ಥವಾಗುವುದಿಲ್ಲ. ಅವನಿಗೆ ಬೇಕಿದ್ದದ್ದು ದೇವಾಲಯಕ್ಕೆ ತಳಪಾಯ ಹಾಕಿದ ದಾವೀದ: ಯಾಜಕರಿಗೆ ಸರದಿ ಗೊತ್ತುಮಾಡಿದ, ಹಾಡುಗಾರರನ್ನು ನೇಮಿಸಿದ ದಾವೀದ. ರಾಜನಿಲ್ಲದ ಜನಕ್ಕೆ ದಾವೀದನಿಂದ ಕೈಗೆ ಸಿಗುವ ಪಾಲು ಅದೇ. ಹಾಗೆಂದು ಅವನು ದಾವೀದನ ತಪ್ಪುಗಳನ್ನೆಲ್ಲ ಬಿಡಲೂ ಇಲ್ಲ. ಜನಗಣತಿಯ ತಪ್ಪನ್ನು ಉಳಿಸಿಕೊಂಡ, ಯಾಕೆಂದರೆ ಆ ತಪ್ಪಿನ ದಾರಿ ಕಣಕ್ಕೆ ಹೋಗುತ್ತದೆ.

ಈಗ ಕಣಕ್ಕೆ ಮರಳೋಣ. ಸಮುವೇಲನಲ್ಲಿ ಅದು ಬೇನೆ ನಿಂತ ಜಾಗ, ಅಷ್ಟೇ. ಪೂರ್ವಕಾಲವೃತ್ತಾಂತದಲ್ಲಿ ಬಲಿಪೀಠದ ಮೇಲೆ ಆಕಾಶದಿಂದ ಬೆಂಕಿ ಇಳಿಯುತ್ತದೆ. ದೇವರ ಮನೆ ಇಲ್ಲೇ ಎಂದು ದಾವೀದನೇ ಸಾರುತ್ತಾನೆ. ಮುಂದೆ ಸೊಲೊಮೋನ ಕಟ್ಟಿದ್ದು ‘ಮೋರೀಯ ಬೆಟ್ಟದಲ್ಲಿ, ಆ ಕಣದಲ್ಲಿ’ ಎಂಬ ಮಾತು ಬರುವುದೂ ಈ ಪುಸ್ತಕದಲ್ಲೇ. ಮೋರೀಯ ಎಂದರೆ ಯೆಹೂದಿಗಳ ಮೂಲಪುರುಷ ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿಕೊಡಲು ಹೊರಟ ನಾಡು. ಬರೆದವನು ಒಂದೇ ಹೆಸರಿನಿಂದ ಅಬ್ರಹಾಮ, ದಾವೀದ, ಸೊಲೊಮೋನ ಮೂವರನ್ನೂ ಒಂದೇ ನೆಲದ ಮೇಲೆ ನಿಲ್ಲಿಸಿದ. ಅಂಥ ನೆಲಕ್ಕೆ 50 ಶೆಕೆಲ್ ಬೆಳ್ಳಿ ಸಾಲದು. ಹನ್ನೆರಡು ಕುಲಗಳಿಂದ ತಲಾ 50ರಂತೆ ಕೂಡಿಸಿದ್ದರಿಂದ 600 ಆಯಿತು ಎಂದು ಮುಂದಿನ ಕಾಲದ ರಬ್ಬಿಗಳು, ಅಂದರೆ ಯೆಹೂದಿ ಧರ್ಮಗುರುಗಳು, ಎರಡು ಲೆಕ್ಕವನ್ನೂ ಹೊಂದಿಸಿದರು.

ಸೈತಾನನ ಮಾತು? ಹೀಬ್ರೂವಿನಲ್ಲಿ ‘ಸಾತಾನ್’ ಎಂದರೆ ಮೂಲದಲ್ಲಿ ಎದುರಾಳಿ, ದೂರು ಹೊರಿಸುವವನು. ಇಲ್ಲಿ ಅದು ಒಬ್ಬನ ಹೆಸರೋ, ಬರೀ ಎದುರಾಳಿ ಎಂಬ ಅರ್ಥವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಬದಲಾವಣೆಯ ಉದ್ದೇಶ ಊಹಿಸಬಹುದು. ದೇವರೇ ತಪ್ಪು ಮಾಡಲು ಪ್ರೇರೇಪಿಸಿ ದೇವರೇ ಶಿಕ್ಷಿಸಿದ ಎನ್ನುವುದು ನಂತರದ ಭಕ್ತರಿಗೆ ನುಂಗಲಾರದ ತುತ್ತಾಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಎಲ್ಲ ವ್ಯತ್ಯಾಸಕ್ಕೂ ಧರ್ಮಚಿಂತನೆಯೇ ಕಾರಣವಲ್ಲ. ಪೂರ್ವಕಾಲವೃತ್ತಾಂತದಲ್ಲಿ ದೇವದೂತ ಭೂಮಿಗೂ ಆಕಾಶಕ್ಕೂ ನಡುವೆ ಕತ್ತಿ ಹಿರಿದು ನಿಂತ ಚಿತ್ರವಿದೆ. ನಮಗೆ ಬಂದಿರುವ ಹೀಬ್ರೂ ಸಮುವೇಲನಲ್ಲಿ ಅದಿಲ್ಲ. ಇದು ಪೂರ್ವಕಾಲವೃತ್ತಾಂತಕಾರನೇ ಸೇರಿಸಿದ್ದು ಎಂದುಕೊಳ್ಳಬಹುದಿತ್ತು. ಆದರೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಸಮುವೇಲನ ಒಂದು ಹಳೆಯ ಸುರುಳಿಯಲ್ಲಿ ಆ ಸಾಲು ಇದೆ. ಅವನ ಮುಂದಿದ್ದ ಪ್ರತಿಯೇ ನಮ್ಮದಕ್ಕಿಂತ ಬೇರೆಯಾಗಿತ್ತು.

ಮನಸ್ಸೆಯ ಸಾಲ

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮನಸ್ಸೆ ಎಂಬ ರಾಜನ ಕಥೆ. ಯೆಹೂದದ ರಾಜರಲ್ಲೇ ದೀರ್ಘಕಾಲ, 55 ವರ್ಷ, ಆಳಿದವನು ಇವನು. ಅರಸುಗಳ ಪುಸ್ತಕದ ಪ್ರಕಾರ ಇವನಷ್ಟು ಕೆಟ್ಟವನಿಲ್ಲ. ದೇವಾಲಯದೊಳಗೇ ಬೇರೆ ದೇವತೆಗಳ ಪೀಠ ಹಾಕಿಸಿದ, ಮಗನನ್ನು ಬೆಂಕಿಗೆ ಕೊಟ್ಟ, ಯೆರೂಸಲೇಮನ್ನು ನಿರಪರಾಧಿಗಳ ರಕ್ತದಿಂದ ತುಂಬಿದ. ಇವನ ಮೊಮ್ಮಗ ಯೋಶೀಯ ಒಳ್ಳೆಯವನು, ಎಲ್ಲವನ್ನೂ ಸರಿಮಾಡಿದ. ಆದರೂ ಮನಸ್ಸೆಯ ಕಾರಣಕ್ಕೆ ದೇವರ ಸಿಟ್ಟು ಇಳಿಯಲಿಲ್ಲ ಎನ್ನುತ್ತದೆ ಪುಸ್ತಕ. ಅಜ್ಜ ಮಾಡಿದ ಸಾಲಕ್ಕೆ ಮೊಮ್ಮಗನ ಕಾಲದಲ್ಲೂ ಬಡ್ಡಿ ತೀರಲಿಲ್ಲ, ಕೊನೆಗೆ ಮನೆಯೇ ಹರಾಜಾಯಿತು ಎಂಬಂತೆ.

586ರ ನಂತರ ಸೆರೆಯಲ್ಲಿ ಕೂತವರಿಗೆ ಈ ವಿವರಣೆ ಸಾಕಾಗಿತ್ತು. ಮರಳಿ ಬಂದು ಗೋಡೆ ಕಟ್ಟುತ್ತಿದ್ದವರಿಗೆ ಅದು ಭಾರ. ಅಜ್ಜನ ಸಾಲವೇ ನಮ್ಮನ್ನು ಮುಳುಗಿಸುವುದಾದರೆ ನಾವು ಒಳ್ಳೆಯವರಾಗಿ ಮಾಡುವುದೇನು? ಪೂರ್ವಕಾಲವೃತ್ತಾಂತಕಾರ ಲೆಕ್ಕದ ಪುಸ್ತಕವನ್ನೇ ಬದಲಿಸಿದ. ಅವನಲ್ಲಿ ಅವರವರ ಸಾಲ ಅವರವರಿಗೆ.

ಹಾಗಾದರೆ ಅಷ್ಟು ಕೆಟ್ಟವನು 55 ವರ್ಷ ಆಳಿದ್ದು ಹೇಗೆ? ಅರಸುಗಳಲ್ಲಿ ಇಲ್ಲದ ಕಥೆಯೊಂದು ಇಲ್ಲಿ ಬರುತ್ತದೆ. ಅಶ್ಶೂರದ ಸೇನಾಪತಿಗಳು ಮನಸ್ಸೆಗೆ ಕೊಕ್ಕೆ ಹಾಕಿ, ಬೇಡಿ ತೊಡಿಸಿ ಬಾಬೆಲಿಗೆ ಎಳೆದೊಯ್ದರು. ಅಲ್ಲಿ ಅವನು ತಗ್ಗಿಸಿಕೊಂಡು ಪ್ರಾರ್ಥಿಸಿದ. ದೇವರು ಕೇಳಿದ, ಯೆರೂಸಲೇಮಿಗೆ ಮರಳಿಸಿದ. ಮನಸ್ಸೆ ವಿಗ್ರಹಗಳನ್ನು ತೆಗೆಸಿದ.

ಅಶ್ಶೂರದ ಶಾಸನಗಳಲ್ಲಿ ಮನಸ್ಸೆಯ ಹೆಸರಿದೆ. ನಿನೆವೆಯ ಅರಮನೆಗೆ ಮರಮುಟ್ಟು, ಕಲ್ಲು ಹೊರಿಸಿದ ಅಧೀನ ರಾಜರ ಪಟ್ಟಿಯಲ್ಲಿ ಅವನೂ ಒಬ್ಬ. ಸೆರೆ ಒಯ್ದ ಮಾತು ಅಲ್ಲಿಲ್ಲ. ಅಂಥದ್ದೇನಾದರೂ ನಡೆದಿತ್ತೇ ಎಂದು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. ಕಥೆಯ ಕೆಲಸ ಮಾತ್ರ ಸ್ಪಷ್ಟ. ಬಾಬೆಲಿಗೆ ಹೋದ, ಪಶ್ಚಾತ್ತಾಪಪಟ್ಟ, ಊರಿಗೆ ಮರಳಿದ ಎಂಬುದು ಓದುಗರ ಸ್ವಂತ ಚರಿತ್ರೆಯೇ. ಎಲ್ಲರಿಗಿಂತ ಕೆಟ್ಟವನಿಗೇ ಬಾಗಿಲು ತೆರೆಯಿತು ಎಂದ ಮೇಲೆ ಇವರಿಗೆ ಮುಚ್ಚೀತೇ?

ಇದೇ ಲೆಕ್ಕ ಯೋಶೀಯನಲ್ಲಿ ತಿರುಗಿ ಚುಚ್ಚುತ್ತದೆ. ಒಳ್ಳೆಯ ರಾಜ 39ನೆಯ ವಯಸ್ಸಿಗೇ ಮೆಗಿದ್ದೋವಿನಲ್ಲಿ ಐಗುಪ್ತದ, ಅಂದರೆ ಈಜಿಪ್ಟಿನ, ದೊರೆ ಫರೋಹ ನೆಕೋವಿನ ಎದುರು ಸತ್ತ. ಪೂರ್ವಕಾಲವೃತ್ತಾಂತ ಕಾರಣ ಕೊಡುತ್ತದೆ: ನೆಕೋವಿನ ಬಾಯಿಂದ ಬಂದ ಎಚ್ಚರಿಕೆ ದೇವರದ್ದೇ ಆಗಿತ್ತು, ಯೋಶೀಯ ಕೇಳಲಿಲ್ಲ.

ಮನಸ್ಸೆ ಪ್ರಾರ್ಥಿಸಿದ ಎಂದಿದೆ, ಪ್ರಾರ್ಥನೆಯ ಮಾತುಗಳಿಲ್ಲ. ಮುಂದೆ ಯಾರೋ ಆ ಖಾಲಿ ಜಾಗ ತುಂಬಿದರು. ಗ್ರೀಕಿನಲ್ಲಿ ಉಳಿದುಬಂದ ಚಿಕ್ಕ ‘ಮನಸ್ಸೆಯ ಪ್ರಾರ್ಥನೆ’ಯಲ್ಲಿ ಅವನು ತನ್ನ ‘ಹೃದಯದ ಮೊಣಕಾಲನ್ನು’ ಊರುತ್ತಾನೆ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಮಿಶ್ನಾ ಎಂಬ ಯೆಹೂದಿ ಧರ್ಮಶಾಸ್ತ್ರದಲ್ಲೂ ಮನಸ್ಸೆಯ ವಿಚಾರಣೆ ನಡೆಯುತ್ತದೆ. ಬರಲಿರುವ ಲೋಕದಲ್ಲಿ ಅವನಿಗೆ ಪಾಲಿಲ್ಲ ಎನ್ನುತ್ತಾರೆ ಹಲವರು. ಇದೆ, ಅವನ ಪ್ರಾರ್ಥನೆಯನ್ನು ದೇವರು ಕೇಳಿದನಲ್ಲ ಎನ್ನುತ್ತಾರೆ ರಬ್ಬಿ ಯೆಹೂದ. ದೇವರು ಮರಳಿ ಕೊಟ್ಟದ್ದು ರಾಜ್ಯವನ್ನು, ಆ ಲೋಕವನ್ನಲ್ಲ ಎಂದು ಮರುನುಡಿ. ಎರಡು ಹಳೆಯ ಪುಸ್ತಕಗಳು ಐನೂರು ವರ್ಷಗಳ ನಂತರವೂ ಒಂದಕ್ಕೊಂದು ಎದುರು ಕೂತು ವಾದ ಮಾಡುತ್ತಿವೆ.

ಕಥೆಯ ಬಿರುಕು ತುಂಬಿದವರು

ಕ್ರಿ.ಪೂ. ಎರಡನೆಯ ಶತಮಾನದ ಯೂಬಿಲಿಗಳ ಪುಸ್ತಕ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡವನ್ನೂ ಎರಡನೆಯದಾದ ವಿಮೋಚನಕಾಂಡದ ಆರಂಭವನ್ನೂ ಮತ್ತೆ ಹೇಳುತ್ತದೆ. ಸೀನಾಯಿ ಬೆಟ್ಟದಲ್ಲಿ ದೇವದೂತನೊಬ್ಬ ಮೋಶೆಗೆ ಹೇಳಿ ಬರೆಸಿದ್ದು ಎಂಬ ಚೌಕಟ್ಟು ಅದಕ್ಕೆ. ಕಾಲವನ್ನೆಲ್ಲ ಯೂಬಿಲಿ ಎಂಬ 49 ವರ್ಷಗಳ ಕಂತುಗಳಾಗಿ ಕತ್ತರಿಸಿದ್ದರಿಂದ ಆ ಹೆಸರು. ವರ್ಷಕ್ಕೆ 364 ದಿನ ಎಂಬುದು ಅದರ ಹಟ. 364 ಎಂದರೆ ಸರಿಯಾಗಿ 52 ವಾರ, ಹಬ್ಬ ಪ್ರತಿ ವರ್ಷ ವಾರದ ಅದೇ ದಿನಕ್ಕೆ ಬೀಳುತ್ತದೆ. ಈ ಪಂಚಾಂಗಕ್ಕೆ ಬಲ ಕೊಡಲು ನೋಹನ ಕಾಲದಲ್ಲೇ ವಾರಗಳ ಹಬ್ಬ ನಡೆಯುತ್ತಿತ್ತು, ದೇವದೂತರೂ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಆಚರಿಸುತ್ತಿದ್ದರು ಎನ್ನುತ್ತದೆ. ಮೋಶೆಗೆ ಧರ್ಮಶಾಸ್ತ್ರ ಸಿಗುವ ಮೊದಲು ಅಬ್ರಹಾಮ ಹೇಗೆ ಧರ್ಮಿಷ್ಠನಾಗಿದ್ದ ಎಂಬ ಪ್ರಶ್ನೆಗೂ ಅದೇ ಉತ್ತರ. ಶಾಸ್ತ್ರ ಆಕಾಶದಲ್ಲಿ ಮೊದಲಿಂದಲೇ ಇತ್ತು.

ಮಗನನ್ನು ಬಲಿಕೊಡು ಎಂದು ದೇವರು ಅಬ್ರಹಾಮನನ್ನು ಪರೀಕ್ಷಿಸಿದ್ದೇಕೆ ಎಂಬ ಸಂಕಟವನ್ನೂ ಈ ಪುಸ್ತಕ ಎತ್ತಿಕೊಳ್ಳುತ್ತದೆ. ಮಸ್ತೇಮಾ ಎಂಬ ದುಷ್ಟಶಕ್ತಿಗಳ ಒಡೆಯ ಚಾಡಿ ಹೇಳಿದ, ಅದಕ್ಕೇ ಪರೀಕ್ಷೆ ನಡೆಯಿತು. ಜನಗಣತಿಯಲ್ಲಿ ಸೈತಾನ ಬಂದ ದಾರಿಯಲ್ಲೇ ಮಸ್ತೇಮಾ ಇಲ್ಲಿಗೆ ಬಂದ. ಪೂರ್ತಿ ಪುಸ್ತಕ ಉಳಿದಿರುವುದು ಇಥಿಯೋಪಿಯಾದ ಗೇಜ್ ಭಾಷೆಯಲ್ಲಿ ಮಾತ್ರ. ಅಲ್ಲಿನ ಚರ್ಚಿಗೆ ಅದು ಇಂದಿಗೂ ಪವಿತ್ರ ಗ್ರಂಥ.

ಕುಮ್ರಾನಿನ ಮೊದಲ ಗುಹೆಯ, ಅರಾಮಿಕ್ ಭಾಷೆಯ ಸುರುಳಿಯೊಂದು ಇನ್ನೂ ಸೊಗಸಾಗಿ ಬಿರುಕು ಮುಚ್ಚುತ್ತದೆ. ಆದಿಕಾಂಡದಲ್ಲಿ ಅಬ್ರಹಾಮ ಬರಗಾಲಕ್ಕೆ ಐಗುಪ್ತಕ್ಕೆ ಹೋಗುವಾಗ ತನ್ನ ಜೀವಭಯಕ್ಕೆ ಹೆಂಡತಿ ಸಾರಾಳನ್ನು ತಂಗಿ ಎಂದು ಹೇಳಿಸುತ್ತಾನೆ. ಮೂಲಪುರುಷನೇ ಹೀಗೆ ಮಾಡಿದನೇ? ಸುರುಳಿಯಲ್ಲಿ ಅವನಿಗೆ ಮೊದಲು ಕನಸು ಬೀಳುತ್ತದೆ. ಒಂದು ದೇವದಾರು, ಒಂದು ಖರ್ಜೂರದ ಮರ. ಜನ ಬಂದು ದೇವದಾರನ್ನು ಕಡಿಯಹೊರಟಾಗ, ಕಡಿಯಬೇಡಿ, ನಾವಿಬ್ಬರೂ ಒಂದೇ ಬೇರಿನವರು ಎಂದು ಖರ್ಜೂರದ ಮರ ಕೂಗುತ್ತದೆ, ದೇವದಾರು ಉಳಿಯುತ್ತದೆ. ಸುಳ್ಳು ಸುಳ್ಳಾಗಿಯೇ ಉಳಿಯಿತು, ಆದರೆ ಹೇಡಿತನ ಹೋಗಿ ದೈವಸೂಚನೆಯಾಯಿತು.

ಒಂದೇ ಲಾವಕ್ಕಿ, ಎರಡು ಹಾಡು

ಹೀಬ್ರೂ ಬೈಬಲಿನ ಭಕ್ತಿಗೀತೆಗಳ ಪುಸ್ತಕದಲ್ಲಿ ಪಕ್ಕಪಕ್ಕದಲ್ಲೇ ಇರುವ 105 ಮತ್ತು 106ನೆಯ ಕೀರ್ತನೆಗಳನ್ನು ಒಟ್ಟಿಗೆ ಓದಿ ನೋಡಿ. ಎರಡರಲ್ಲೂ ಐಗುಪ್ತದಿಂದ ಹೊರಟ ಜನರ ಮರಳುಗಾಡಿನ ಕಥೆ ಬರುತ್ತದೆ. ಮೊದಲನೆಯದರಲ್ಲಿ ಜನ ಕೇಳಿದರು, ದೇವರು ಲಾವಕ್ಕಿಗಳನ್ನು ತರಿಸಿಕೊಟ್ಟ. ಎರಡನೆಯದು ಹಕ್ಕಿಯ ಹೆಸರೆತ್ತದೆ ಅದೇ ಘಟನೆ ಹೇಳುತ್ತದೆ: ಆಸೆಬುರುಕರಾಗಿ ಬೇಡಿದರು, ಬೇಡಿದ್ದನ್ನು ಕೊಟ್ಟು ಜೊತೆಗೆ ಬೇನೆಯನ್ನೂ ಕಳಿಸಿದ. ಒಂದು ಕೃತಜ್ಞತೆಯ ಹಾಡು, ಇನ್ನೊಂದು ತಪ್ಪೊಪ್ಪಿಗೆಯ ಹಾಡು. ಜೋಡಿಸಿದವರಿಗೆ ಎರಡೂ ಬೇಕಿದ್ದವು.

ಜೊಸೀಫಸ್‌ನ ಸಂದರ್ಭ ಇನ್ನೊಂದು ಬಗೆ. ಕ್ರಿ.ಶ. 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನು ಸುಟ್ಟ ಮೇಲೆ, ರೋಮಿನಲ್ಲಿ ಕೂತು, ಕ್ರಿ.ಶ. 93ರ ಸುಮಾರಿಗೆ ತನ್ನ ಜನರ ಚರಿತ್ರೆಯನ್ನು ಗ್ರೀಕಿನಲ್ಲಿ 20 ಸಂಪುಟಗಳಲ್ಲಿ ಮುಗಿಸಿದ ಯೆಹೂದಿ ಅವನು. ಏನನ್ನೂ ಸೇರಿಸುವುದಿಲ್ಲ, ಬಿಡುವುದಿಲ್ಲ ಎಂದು ಮುನ್ನುಡಿಯಲ್ಲಿ ಮಾತು ಕೊಟ್ಟ. ಆದರೆ ಸೀನಾಯಿಯ ತಪ್ಪಲಲ್ಲಿ ಜನ ಚಿನ್ನದ ಕರುವನ್ನು ಪೂಜಿಸಿದ ಪ್ರಸಂಗವನ್ನೇ ಬಿಟ್ಟ. ಯೆಹೂದಿಗಳು ಕತ್ತೆಯ ತಲೆಯನ್ನು ಪೂಜಿಸುತ್ತಾರೆಂಬ ಅಪಪ್ರಚಾರ ಆಗ ಹಬ್ಬಿತ್ತು. ಅಂಥವರ ಕೈಗೆ ಚಿನ್ನದ ಕರುವನ್ನೂ ಕೊಡುವುದು ಬೇಡವೆನಿಸಿರಬೇಕು.

ಹಾಗಾದರೆ ಇದೆಲ್ಲ ಸುಳ್ಳೇ?

ಕನ್ನಡ ಓದುಗರಿಗೆ ಈ ಪ್ರಶ್ನೆ ಅಷ್ಟು ಹೊಸದಲ್ಲ. ನಮ್ಮ ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಮೋಕ್ಷಕ್ಕೆ ಹೋಗಬೇಕಾದವನ ಕೈಗೆ ರಕ್ತ ಅಂಟಬಾರದು ಎಂಬ ಜೈನ ನಿಲುವು ಕಥೆಯನ್ನು ಅಲ್ಲಿ ತಿರುಗಿಸಿತು. ಅದನ್ನು ಓದುವಾಗ ಕವಿ ಸುಳ್ಳು ಹೇಳಿದ ಎನ್ನುವುದಿಲ್ಲ, ಅವನ ನಂಬಿಕೆ ಏನು ಎಂದು ಕೇಳುತ್ತೇವೆ.

ಯೆಹೂದಿ ಬರಹಗಳಿಗೂ ಈ ಪ್ರಶ್ನೆ ಹೊಂದುತ್ತದೆ, ಒಂದು ವ್ಯತ್ಯಾಸದೊಂದಿಗೆ: ಇವರು ಬರೆದದ್ದು ನಿಜವಾಗಿ ಆಳಿದ ರಾಜರ ಬಗ್ಗೆ, ನಿಜವಾಗಿ ಸುಟ್ಟ ಊರಿನ ಬಗ್ಗೆ. ಹೀಗಾಗಿ ಇತಿಹಾಸಕಾರರು ಎರಡು ಬಗೆಯಲ್ಲಿ ಓದುತ್ತಾರೆ. ಕ್ರಿ.ಪೂ. ಒಂಬತ್ತನೆಯ ಶತಮಾನದಲ್ಲಿ ಏನಾಯಿತು ಎಂದು ತಿಳಿಯಲು ಶಾಸನ, ಉತ್ಖನನಗಳ ಪಕ್ಕದಲ್ಲಿಟ್ಟು ಓದುವುದು ಒಂದು. ಬರೆದವನ ಸ್ವಂತ ಕಾಲದಲ್ಲಿ ಜನ ಏನನ್ನು ನಂಬಿದ್ದರು, ಏನಕ್ಕೆ ಅಂಜಿದ್ದರು ಎಂದು ತಿಳಿಯಲು ಓದುವುದು ಇನ್ನೊಂದು. ಎರಡನೆಯದಕ್ಕೆ ಈ ಪುಸ್ತಕಗಳಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ.

ಮತ್ತು ಹೊಸದನ್ನು ಬರೆದ ಮೇಲೆ ಹಳೆಯದನ್ನು ಸುಡಲಿಲ್ಲ ಎಂಬುದನ್ನು ಮರೆಯಬಾರದು. ಬತ್ಷೆಬೆಯ ಕಥೆ ಇರುವ ಪುಸ್ತಕವೂ ಇಲ್ಲದ ಪುಸ್ತಕವೂ ಒಂದೇ ಪವಿತ್ರ ಗುಚ್ಛದಲ್ಲಿ ಉಳಿದವು. 50 ಶೆಕೆಲ್ ಬೆಳ್ಳಿಯೂ ಉಳಿಯಿತು, 600 ಶೆಕೆಲ್ ಚಿನ್ನವೂ ಉಳಿಯಿತು.

ಇಂದು ಮುದ್ರಣದಲ್ಲಿ ಸಿಗುವ ಹೀಬ್ರೂ ಬೈಬಲ್‌ಗಳಲ್ಲಿ ಸಾಮಾನ್ಯವಾಗಿ ಪೂರ್ವಕಾಲವೃತ್ತಾಂತವೇ ಕೊನೆಯ ಪುಸ್ತಕ. ಅರಸುಗಳ ಪುಸ್ತಕ ಬಾಬೆಲಿನಲ್ಲೇ ನಿಲ್ಲುತ್ತದೆ: ಸೆರೆಯ ರಾಜನೊಬ್ಬ ಜೈಲಿನಿಂದ ಬಿಡುಗಡೆಯಾಗಿ ಬಾಬೆಲಿನ ದೊರೆಯ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾನೆ. ಪೂರ್ವಕಾಲವೃತ್ತಾಂತ ಕೋರೆಷನ ಆಜ್ಞೆಯವರೆಗೆ ಬರುತ್ತದೆ. ಯೆರೂಸಲೇಮಿನಲ್ಲಿ ದೇವರಿಗೆ ಮನೆ ಕಟ್ಟಬೇಕು, ನಿಮ್ಮಲ್ಲಿ ಆ ಜನಕ್ಕೆ ಸೇರಿದವನು ಯಾರೇ ಇರಲಿ, ದೇವರು ಅವನ ಸಂಗಡ ಇರಲಿ, ಅವನು ಏರಿಹೋಗಲಿ. ಇದೇ ಆಜ್ಞೆ ಎಜ್ರನ ಪುಸ್ತಕದ ಆರಂಭದಲ್ಲೂ ಇದೆ, ಅಲ್ಲಿ ಎಲ್ಲಿಗೆ ಏರಬೇಕು, ಏನು ಕಟ್ಟಬೇಕು ಎಂದು ವಾಕ್ಯ ಮುಂದುವರಿಯುತ್ತದೆ. ಇಲ್ಲಿ ವಾಕ್ಯ ನಡುವೆಯೇ ನಿಂತಿದೆ. ಹೀಬ್ರೂವಿನಲ್ಲಿ ಅದರ ಕೊನೆಯ ಪದ ‘ವೆಯಾಅಲ್’, ಏರಿಹೋಗಲಿ. ಬೇರೆ ದೇಶದ ಯೆಹೂದಿಗಳು ಇಸ್ರಾಯೇಲಿಗೆ ಹೋಗಿ ನೆಲೆಸುವುದಕ್ಕೆ ಇಂದು ಬಳಸುವ ‘ಅಲಿಯಾ’ ಎಂಬ ಮಾತು ಹುಟ್ಟಿರುವುದೂ ಅದೇ ಧಾತುವಿನಿಂದ.